ಮಲಗಿಕೊಂಡೇ ಶುರುವಾಗುವ ನಡಿಗೆ

(ಕಾಲು ಕಳೆದುಕೊಂಡವರು, ಅವರ ಮನೆಯವರು ಮತ್ತು ಫಿಸಿಯೋಥೆರಪಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಕುರ್ಚಿಗೆ ಒರಗದೆ ನೆಟ್ಟಗೆ ಕೂತುಕೊಳ್ಳಿ. ಒಂದು ಅಂಗೈಯನ್ನು ಹೊಕ್ಕುಳಿನ ಕೆಳಗೆ ಇಡಿ. ಈಗ ಒಂದು ಪಾದವನ್ನು ನೆಲದಿಂದ ಎರಡು ಬೆರಳಷ್ಟು ಮೇಲೆತ್ತಿ. ಒಂದು ಕಾಲು ಇಲ್ಲದವರು ಆ ಕಡೆ ಉಳಿದಿರುವ ತೊಡೆಯನ್ನೇ ಎತ್ತಿ. ನಿಧಾನ. ಇಳಿಸಿ. ಇನ್ನೊಂದು ಸಲ.

ಅಂಗೈ ಕೆಳಗೆ ಏನೋ ಬಿಗಿಯಾಯಿತು, ಅಲ್ವಾ? ಎತ್ತಿದ್ದು ಕಾಲು, ಮೊದಲು ಎದ್ದು ನಿಂತದ್ದು ಹೊಟ್ಟೆ.

ಹೊಟ್ಟೆಯ ಒಳಪದರದಲ್ಲಿ ಬೆಲ್ಟ್ ಸುತ್ತಿದ ಹಾಗೆ ಅಡ್ಡಡ್ಡ ಹೋಗುವ ಒಂದು ಸ್ನಾಯು ಇದೆ. ಟ್ರಾನ್ಸ್‌ವರ್ಸಸ್ ಅಬ್ಡೋಮಿನಿಸ್ ಅಂತ ಅದರ ಹೆಸರು. ಹೆಸರು ನೆನಪಿಡಬೇಕಿಲ್ಲ, ಇವತ್ತು ಅದನ್ನು ಒಳಬೆಲ್ಟ್ ಅಂತಲೇ ಕರೆಯುತ್ತೇನೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಕೂದಲೆಳೆಯಂಥ ತಂತಿಗಳನ್ನು ಈ ಸ್ನಾಯುವಿನೊಳಗೆ ಇಟ್ಟು ಪರೀಕ್ಷೆ ಮಾಡಿದರು. ಬೆನ್ನುನೋವು ಇಲ್ಲದವರು ಕೈ ಎತ್ತಿದಾಗ, ಕೈಯ ಸ್ನಾಯುವಿಗಿಂತ ಮುಂಚೆಯೇ ಒಳಬೆಲ್ಟ್ ಬಿಗಿಯಾಗುತ್ತಿತ್ತು. ಕಾಲು ಎತ್ತಿದಾಗಲೂ ಹಾಗೆಯೇ. ಬೆನ್ನುನೋವು ಇದ್ದವರಲ್ಲಿ ಅದು ತಡವಾಗುತ್ತಿತ್ತು. ಅಂದರೆ ಕೈಕಾಲು ಅಲುಗುವ ಮೊದಲು ನಡುವನ್ನು ಗಟ್ಟಿ ಮಾಡಿಕೊಳ್ಳುವುದು ದೇಹದ ಅಭ್ಯಾಸ.

ನಾನು ಇವತ್ತು ಹೇಳಬೇಕಾದ್ದು ಇದಕ್ಕೇ ಸೇರಿದ್ದು. ಕಾಲು ತೆಗೆದ ಮೇಲೆ ಎಲ್ಲರ ಕಣ್ಣು ಒಂದೇ ವಸ್ತುವಿನ ಮೇಲೆ ಇರುತ್ತದೆ: ಕೃತಕ ಕಾಲು ಯಾವಾಗ ಬರುತ್ತದೆ? ಅದು ಬಂದರೆ ನಡೆಯಬಹುದು, ಅಲ್ಲಿಯವರೆಗೆ ಕಾಯಬೇಕು ಅಂತ. ಆದರೆ ನಡಿಗೆಯ ಕಲಿಕೆ ಅದಕ್ಕಿಂತ ಎಷ್ಟೋ ವಾರ ಮೊದಲೇ, ಹಾಸಿಗೆಯ ಮೇಲೆ ಮಲಗಿಕೊಂಡೇ ಶುರುವಾಗಬೇಕು. ಆ ವಾರಗಳು ಸುಮ್ನೆ ಕಳೆದುಹೋಗುವುದನ್ನು ತುಂಬ ಸಲ ನೋಡಿದ್ದೇನೆ. ನನಗೆ ಅದು ಸಂಕಟದ ವಿಷಯ. ಪಿಲಾಟಿಸ್ ಅನ್ನುವ ವ್ಯಾಯಾಮ ಪದ್ಧತಿಯನ್ನು ನಾನು ನೆಚ್ಚಿಕೊಂಡದ್ದು ಆ ವಾರಗಳಿಗೆ ಅದು ಸರಿಯಾದ ಕೆಲಸ ಕೊಡುತ್ತದೆ ಎಂಬ ಕಾರಣಕ್ಕೆ.

ಮೊದಲು ದೇಹದಲ್ಲಿ ಏನಾಗಿದೆ ಅಂತ ನೋಡೋಣ. ಒಂದು ಇಡೀ ಕಾಲಿನ ತೂಕ ದೇಹದ ತೂಕದ ಸುಮಾರು ಶೇ. 16. ಮೊಣಕಾಲಿನ ಕೆಳಗಿನ ಭಾಗ ಮಾತ್ರ ತೆಗೆದುಕೊಂಡರೆ ಶೇ. 6. 60 ಕೆ.ಜಿ. ಇದ್ದವರಿಗೆ ಮೊಣಕಾಲಿನ ಕೆಳಗೆ ಕತ್ತರಿಸಿದರೆ ಮೂರೂವರೆ ಕೆ.ಜಿ. ಹತ್ತಿರ ಹೋಯಿತು. ತೊಡೆಯ ಮಟ್ಟದಲ್ಲಾದರೆ ಅದರ ಎರಡು ಪಟ್ಟೂ ಆಗಬಹುದು. ತಕ್ಕಡಿಯ ಒಂದು ತಟ್ಟೆಯಿಂದ ಇಷ್ಟು ತೂಕ ಒಮ್ಮೆಲೇ ತೆಗೆದ ಹಾಗೆ. ದೇಹದ ಸಮತೋಲದ ಬಿಂದು ಚೆನ್ನಾಗಿರುವ ಕಾಲಿನ ಕಡೆಗೆ, ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಮೆದುಳಿನಲ್ಲಿರುವುದು ಮಾತ್ರ ಹಳೇ ಲೆಕ್ಕ. ಹಾಗಾಗಿ ಮೊದಲ ದಿನಗಳಲ್ಲಿ ಹಾಸಿಗೆಯ ಅಂಚಿನಲ್ಲಿ ಕೂತವರು ಕೂಡ ಪಕ್ಕಕ್ಕೆ ವಾಲುತ್ತಾರೆ. ಅದು ನಿಶ್ಶಕ್ತಿಯಿಂದಲೇ ಆಗುತ್ತಿದೆ ಅಂತ ಅವರು ತಿಳಿದಿರುತ್ತಾರೆ. ಲೆಕ್ಕವೂ ತಪ್ಪಿರುತ್ತದೆ, ಅದನ್ನು ಯಾರೂ ಹೇಳಿರುವುದಿಲ್ಲ.

ಆಮೇಲೆ ಕೃತಕ ಕಾಲು ಬಂದು ನಡೆಯಲು ಶುರು ಮಾಡಿದರೆ ಖರ್ಚಾಗುವ ಶಕ್ತಿ ಜಾಸ್ತಿ. ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಕಾಲು ಹೋದವರಿಗೆ ಅಷ್ಟೇ ದೂರ ನಡೆಯಲು ಸುಮಾರು ನಾಲ್ಕನೇ ಒಂದು ಭಾಗ ಹೆಚ್ಚು ಶಕ್ತಿ ಬೇಕು. ತೊಡೆಯ ಮಟ್ಟದಲ್ಲಿ ಹೋದವರಿಗೆ ಅರ್ಧಕ್ಕಿಂತ ಹೆಚ್ಚು. ರಕ್ತನಾಳದ ಕಾಯಿಲೆಯಿಂದ ಕಾಲು ಹೋದವರಿಗೆ ಇನ್ನೂ ಕಷ್ಟ, ಯಾಕೆಂದರೆ ಅವರ ಹೃದಯವೂ ಬಹಳ ಸಲ ಅದೇ ಕಾಯಿಲೆಯಿಂದ ಬಳಲುತ್ತಿರುತ್ತದೆ. ಕಾಲು ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಂದೆ ಬೆನ್ನುನೋವು ಅನುಭವಿಸುತ್ತಾರೆ. ಸುಮಾರು ಅರ್ಧದಷ್ಟು ಜನ ವರ್ಷಕ್ಕೆ ಒಂದು ಸಲವಾದರೂ ಬೀಳುತ್ತಾರೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಬೆನ್ನು, ಸೊಂಟ, ಸಮತೋಲ ಈ ಮೂರನ್ನೂ ಮೊದಲಿನಿಂದಲೇ ನೋಡಿಕೊಳ್ಳಬೇಕು, ಅದಕ್ಕೆ ಹೇಳುತ್ತಿದ್ದೇನೆ.

ದಿಂಬಿನ ಕಥೆ

ನಾನು ಈ ಕೆಲಸಕ್ಕೆ ಹೊಸಬಳಾಗಿದ್ದಾಗ ನಡೆದದ್ದು. ಒಬ್ಬರು ಹಿರಿಯರಿಗೆ ತೊಡೆಯ ಮಟ್ಟದಲ್ಲಿ ಕಾಲು ತೆಗೆದಿದ್ದರು. ಮೂರು ತಿಂಗಳ ನಂತರ ಕೃತಕ ಕಾಲಿನ ಅಳತೆಗೆ ಬಂದರು. ಮಲಗಿಸಿ ನೋಡಿದರೆ ಉಳಿದ ತೊಡೆ ಮಂಚಕ್ಕೆ ತಾಗುತ್ತಲೇ ಇಲ್ಲ. ಮೇಲಕ್ಕೆ, ಸ್ವಲ್ಪ ಹೊರಕ್ಕೆ ಮಡಚಿ ನಿಂತುಬಿಟ್ಟಿದೆ. ವಿಚಾರಿಸಿದರೆ, ಆಸ್ಪತ್ರೆಯಲ್ಲಿ ನೋವು ಕಡಿಮೆಯಾಗಲಿ ಅಂತ ತೊಡೆಯ ಕೆಳಗೆ ಒಂದು ದಿಂಬು ಇಟ್ಟಿದ್ದರಂತೆ. ಮನೆಗೆ ಬಂದ ಮೇಲೆ ಅವರ ಹೆಂಡತಿ ಅದನ್ನೇ ಮುಂದುವರಿಸಿದ್ದಾರೆ. ಎಷ್ಟು ಪ್ರೀತಿಯಿಂದ ಇಟ್ಟಿದ್ದರು ಅಂದರೆ, ದಿಂಬಿಗೆ ಮೆತ್ತನೆಯ ಬಟ್ಟೆಯ ಕವರ್ ಹೊಲಿಸಿದ್ದರು. ಅದನ್ನು ತೆಗೆಯಬೇಕು ಅಂತ ಒಬ್ಬರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ಜಾಗ ಯಾವುದು ಅನ್ನುವುದಕ್ಕಿಂತ, ಹೇಳುವವರು ಇರಲಿಲ್ಲ ಅನ್ನುವುದೇ ನನ್ನನ್ನು ಇವತ್ತಿಗೂ ಕಾಡುತ್ತದೆ.

ಇದನ್ನು ಕಾಂಟ್ರಾಕ್ಚರ್ ಅನ್ನುತ್ತಾರೆ. ಸ್ನಾಯು ಮತ್ತು ಕೀಲಿನ ಸುತ್ತಲ ಅಂಗಾಂಶ ಒಂದೇ ಭಂಗಿಯಲ್ಲಿ ಗಿಡ್ಡವಾಗಿ ಬಿಗಿದುಕೊಳ್ಳುವುದು. ತೊಡೆಯ ಮಟ್ಟದಲ್ಲಿ ಕತ್ತರಿಸಿದಾಗ ತೊಡೆಯನ್ನು ಒಳಕ್ಕೆ ಎಳೆಯುವ ಸ್ನಾಯುಗಳು ತಮ್ಮ ಕೆಳಗಿನ ಹಿಡಿತ ಕಳೆದುಕೊಳ್ಳುತ್ತವೆ. ಮುಂದಕ್ಕೆ ಮಡಚುವ ಮತ್ತು ಹೊರಕ್ಕೆ ಎಳೆಯುವ ಸ್ನಾಯುಗಳ ಹಿಡಿತ ಸೊಂಟದ ಹತ್ತಿರವೇ ಇರುವುದರಿಂದ ಅವು ಮೊದಲಿನಷ್ಟೇ ಗಟ್ಟಿ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯ ಅರ್ಧ ಜನ ಎದ್ದು ಹೋದ ಹಾಗೆ. ಇದರ ಮೇಲೆ ದಿನವಿಡೀ ಗಾಲಿಕುರ್ಚಿಯಲ್ಲಿ ಕೂರುವುದು, ರಾತ್ರಿ ದಿಂಬು. ಮೊಣಕಾಲಿನ ಕೆಳಗೆ ಕತ್ತರಿಸಿದವರಲ್ಲಿ ಮೊಣಕಾಲು ಮಡಚಿಕೊಂಡೇ ನಿಂತುಬಿಡುವ ಭಯ ಜಾಸ್ತಿ. ಕೀಲು ನೇರವಾಗದಿದ್ದರೆ ಎಷ್ಟು ಒಳ್ಳೆಯ ಕೃತಕ ಕಾಲು ಕೊಟ್ಟರೂ ಸೊಂಟ ಮುಂದಕ್ಕೆ ಬಾಗುತ್ತದೆ, ಬೆನ್ನಿನ ಕೆಳಭಾಗ ಬಿಲ್ಲಿನ ಹಾಗೆ ಬಳುಕುತ್ತದೆ. ಬೆನ್ನುನೋವಿಗೆ ಅಲ್ಲಿಂದಲೇ ದಾರಿ.

ಆ ಹಿರಿಯರ ತೊಡೆ ನೇರವಾಗಲು ಮತ್ತೆ ಎಷ್ಟೋ ವಾರ ಬೇಕಾಯಿತು. ಪೂರ್ತಿ ನೇರವಾಗಲೇ ಇಲ್ಲ. ಅವರ ಜೊತೆ ಕೆಲಸ ಮಾಡುವಾಗಲೇ ನಾನು ಪಿಲಾಟಿಸ್ ಕಡೆ ತಿರುಗಿದ್ದು.

ಪಿಲಾಟಿಸ್ ಅನ್ನುವುದು ಒಬ್ಬ ಮನುಷ್ಯನ ಹೆಸರು. ಜೋಸೆಫ್ ಪಿಲಾಟಿಸ್ 1883ರಲ್ಲಿ ಜರ್ಮನಿಯ ಮೊಂಶೆನ್‌ಗ್ಲಾಡ್‌ಬಾಕ್‌ನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಆರೋಗ್ಯ ಚೆನ್ನಾಗಿರಲಿಲ್ಲ, ಅಸ್ತಮಾ ಇತ್ತು. ಮೊದಲನೇ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದರು. ಜರ್ಮನ್ ಪ್ರಜೆ ಅಂತ ಬಂಧಿಸಿ ಶಿಬಿರಕ್ಕೆ ಕಳಿಸಿದರು, ಕೊನೆಗೆ ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರಕ್ಕೆ. ಅಲ್ಲಿ ಹಾಸಿಗೆ ಹಿಡಿದವರಿಗೆ ಮಂಚದ ಸ್ಪ್ರಿಂಗ್‌ಗಳನ್ನೇ ಕಟ್ಟಿ ವ್ಯಾಯಾಮ ಮಾಡಿಸುತ್ತಿದ್ದರು ಅಂತ ಹೇಳುವ ಕಥೆ ಇದೆ. ಕಥೆ ಎಷ್ಟು ಬೆಳೆದಿದೆಯೋ ಇರಲಿ, ಅವರು ಮುಂದೆ ಮಾಡಿದ ಉಪಕರಣಗಳನ್ನು ನೋಡಿದರೆ ಮಂಚವೇ ಕಣ್ಣಿಗೆ ಕಟ್ಟುತ್ತದೆ. 1926ರಲ್ಲಿ ಅಮೆರಿಕಕ್ಕೆ ಹೋದರು, ಸಂಗಾತಿ ಕ್ಲಾರಾ ಜೊತೆ ನ್ಯೂಯಾರ್ಕಿನಲ್ಲಿ ಸ್ಟುಡಿಯೋ ನಡೆಸಿದರು, 1967ರಲ್ಲಿ ತೀರಿಕೊಂಡರು. ಅವರು ತಮ್ಮ ಪದ್ಧತಿಗೆ ಇಟ್ಟ ಹೆಸರು ಕಂಟ್ರಾಲಜಿ, ಅಂದರೆ ದೇಹವನ್ನು ಹತೋಟಿಯಲ್ಲಿಡುವ ವಿದ್ಯೆ. ನನಗೆ ಆ ಹಳೇ ಹೆಸರೇ ಇಷ್ಟ. ನಾವು ಮಾಡುವುದು ಅದನ್ನೇ.

ಇಲ್ಲಿ ನಮಗೆ ಮುಖ್ಯವಾದದ್ದು ಒಂದು ವಿಷಯ. ಈ ಪದ್ಧತಿಯ ಬಹುಪಾಲು ವ್ಯಾಯಾಮಗಳು ಮಲಗಿ, ಪಕ್ಕಕ್ಕೆ ತಿರುಗಿ, ಬೋರಲಾಗಿ ಅಥವಾ ಕೂತು ಮಾಡುವಂಥವು. ಎದ್ದು ನಿಲ್ಲಲು ಎರಡು ಕಾಲು ಬೇಕು ಅನ್ನುವ ಷರತ್ತು ಇಲ್ಲ. ಎಷ್ಟು ಸಲ ಮಾಡಿದೆ ಅನ್ನುವುದಕ್ಕಿಂತ ಹೇಗೆ ಮಾಡಿದೆ ಅನ್ನುವುದಕ್ಕೆ ಬೆಲೆ. ಐದಾರು ಸಲ ಸರಿಯಾಗಿ ಮಾಡಿದರೆ ಸಾಕು. ದೊಡ್ಡ ಶಸ್ತ್ರಚಿಕಿತ್ಸೆ ಆಗಿ ಸುಸ್ತಾಗಿರುವ ದೇಹಕ್ಕೆ ಇದು ಹೊಂದುತ್ತದೆ.

ಮ್ಯಾಟ್ ಮೇಲೆ

ಶುರು ಉಸಿರಿನಿಂದ. ಗಾಯದ ಹೊಲಿಗೆ ಇನ್ನೂ ಇರುವಾಗಲೂ ಡಾಕ್ಟರ್ ಒಪ್ಪಿದರೆ ಇದನ್ನು ಮಾಡಬಹುದು. ಅಂಗಾತ ಮಲಗಿ. ಎರಡೂ ಅಂಗೈ ಪಕ್ಕೆಲುಬಿನ ಮೇಲೆ. ಮೂಗಿನಿಂದ ಉಸಿರು ಎಳೆದಾಗ ಪಕ್ಕೆಗಳು ಕೈಗಳನ್ನು ಎರಡೂ ಕಡೆಗೆ ತಳ್ಳಬೇಕು. ಬಾಯಿಂದ ಮೆಲ್ಲಗೆ ಬಿಡುವಾಗ, ಬಿಗಿಯಾದ ಪ್ಯಾಂಟಿನ ಜಿಪ್ ಎಳೆಯುವಾಗ ಹೊಕ್ಕುಳಿನ ಕೆಳಗಿನ ಹೊಟ್ಟೆ ಒಳಗೆ ಹೋಗುತ್ತದಲ್ಲ, ಅಷ್ಟು ಮಾತ್ರ ಒಳಗೆ ಎಳೆಯಿರಿ. ಜೋರಾಗಿ ಬೇಡ. ನಿಮ್ಮ ಪೂರ್ತಿ ಬಲದ ಕಾಲು ಭಾಗ ಸಾಕು. ಒಳಬೆಲ್ಟ್ ಎದ್ದಿತು ಅಂತ ಅರ್ಥ. ಉಸಿರು ಕಟ್ಟಬಾರದು. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರಿಗೆ ಈ ಮಾತು ಎರಡು ಸಲ ಹೇಳುತ್ತೇನೆ: ಉಸಿರು ಕಟ್ಟಬಾರದು.

ಎರಡನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಪಿಲಾಟಿಸ್‌ನಲ್ಲಿ ಸಿಂಗಲ್ ಲೆಗ್ ಸ್ಟ್ರೆಚ್ ಅಂತ ಒಂದು ವ್ಯಾಯಾಮ ಇದೆ. ಒಂದು ಮೊಣಕಾಲನ್ನು ಎದೆಗೆ ತಬ್ಬಿ, ಇನ್ನೊಂದು ಕಾಲನ್ನು ನೀಳವಾಗಿ ಚಾಚುವುದು. ಮೂಳೆ ಡಾಕ್ಟರುಗಳು ತೊಡೆಯ ಬುಡದ ಕೀಲು ಬಿಗಿದಿದೆಯೇ ಅಂತ ನೋಡಲು ಮಾಡುವ ಥಾಮಸ್ ಟೆಸ್ಟ್ ಕೂಡ ಹೆಚ್ಚುಕಡಿಮೆ ಇದೇ ಭಂಗಿ. ಇರುವ ಕಾಲಿನ ಮೊಣಕಾಲನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಳ್ಳಿ. ಬೆನ್ನು ಮಂಚಕ್ಕೆ ಚಪ್ಪಟೆಯಾಗುತ್ತದೆ. ಈಗ ಉಳಿದ ತೊಡೆಯ ಹಿಂಭಾಗವನ್ನು ಮಂಚಕ್ಕೆ ಒತ್ತಿ. ಉಸಿರು ಬಿಡುತ್ತಾ ಒತ್ತಿ, ಐದು ಎಣಿಸಿ, ಸಡಿಲಿಸಿ. ಪಿಲಾಟಿಸ್ ಪಾಠದಲ್ಲಿ ತಲೆ ಎತ್ತಿ ಕಾಲು ಬದಲಿಸುತ್ತಾ ಹೋಗುತ್ತಾರೆ. ನಮಗೆ ಅದು ಬೇಡ. ತಲೆ ಕೆಳಗೇ ಇರಲಿ, ಕಾಲು ಬದಲಿಸುವ ಅವಸರವಿಲ್ಲ. ಆ ಒತ್ತುವ ಕ್ಷಣವೇ ನಮ್ಮ ಪಾಠ. ತೊಡೆಯ ಮುಂಭಾಗ ಹಿಗ್ಗುತ್ತದೆ, ಹಿಂದಿನ ಪೃಷ್ಠದ ಸ್ನಾಯು ಕೆಲಸ ಕಲಿಯುತ್ತದೆ, ಒಳಬೆಲ್ಟ್ ಜೊತೆಗಿರುತ್ತದೆ.

ಇದರ ಜೊತೆಗೆ ಬೋರಲಾಗಿ ಮಲಗುವುದು. ದಿನಕ್ಕೆ ಎರಡು ಮೂರು ಸಲ, ಸಲಕ್ಕೆ 15ರಿಂದ 20 ನಿಮಿಷ. ಮುಖವನ್ನು ಚೆನ್ನಾಗಿರುವ ಕಾಲಿನ ಕಡೆಗೆ ತಿರುಗಿಸಿ. ಇದು ಪಿಲಾಟಿಸ್‌ಗಿಂತ ಹಳೆಯ ಬುದ್ಧಿವಾದ. ಆದರೆ ಬೋರಲು ಮಲಗಿ ಸುಮ್ನೆ ಸಮಯ ಎಣಿಸುವುದು ಯಾರಿಗೂ ಹಿಡಿಸುವುದಿಲ್ಲ. ಅಲ್ಲಿ ಪಿಲಾಟಿಸ್ ಒಂದಿಷ್ಟು ಕೆಲಸ ಕೊಡುತ್ತದೆ. ಹೊಕ್ಕುಳು ಒಳಗೆ, ಉಳಿದ ತೊಡೆಯನ್ನು ನೆಲದಿಂದ ಒಂದು ಬೆರಳಷ್ಟು ಮಾತ್ರ ಎತ್ತಿ ಇಳಿಸಿ. ಒಂದು ಬೆರಳಿಗಿಂತ ಜಾಸ್ತಿ ಎತ್ತಿದರೆ ಸೊಂಟ ತಿರುಗುತ್ತದೆ, ಬೆನ್ನು ಬಾಗುತ್ತದೆ. ಬೋರಲು ಮಲಗಿದರೆ ಉಸಿರಾಟ ಕಷ್ಟವಾಗುವವರು ಮೊಣಕಾಲು ತಬ್ಬುವ ವ್ಯಾಯಾಮವನ್ನೇ ಹೆಚ್ಚು ಸಲ ಮಾಡಲಿ.

ಇನ್ನು ಬ್ರಿಡ್ಜ್. ಅಂಗಾತ ಮಲಗಿ ಸೊಂಟ ಎತ್ತುವುದು. ಕಾಲಿಲ್ಲದೆ ಹೇಗೆ ಅಂತ ಮೊದಲು ಕೇಳುತ್ತಾರೆ. ಗಟ್ಟಿಯಾಗಿ ಸುತ್ತಿದ ಟವೆಲ್ ಅಥವಾ ಬೋಲ್ಸ್ಟರ್ (ಉರುಟು ದಿಂಬು) ಅನ್ನು ಉಳಿದ ತೊಡೆಯ ಕೆಳಗೆ ಇಡಿ. ಮೊಣಕಾಲಿನ ಕೆಳಗೆ ಕತ್ತರಿಸಿದವರಿಗೆ ಅದು ಮೊಣಕಾಲಿಗಿಂತ ಸ್ವಲ್ಪ ಮೇಲೆ ಬರಲಿ, ಸ್ಟಂಪಿನ, ಅಂದರೆ ಕತ್ತರಿಸಿದ ಮೇಲೆ ಉಳಿದ ಕಾಲಿನ, ತುದಿಗೆ ಒತ್ತು ಬೀಳಬಾರದು. ಇರುವ ಕಾಲು ಮಡಚಿ ಪಾದ ನೆಲದ ಮೇಲೆ. ಉಸಿರು ಬಿಡುತ್ತಾ ಟವೆಲ್ ಸುರುಳಿಯನ್ನು ತೊಡೆಯಿಂದ ಕೆಳಕ್ಕೆ ಒತ್ತಿ, ಸೊಂಟ ಎತ್ತಿ. ವ್ಯಾಯಾಮ ಮುಗಿದ ತಕ್ಷಣ ಸುರುಳಿ ತೆಗೆದುಬಿಡಿ. ದಿಂಬಿನ ಕಥೆ ಮರೆಯಬೇಡಿ.

ಎತ್ತಿದಾಗ ನೋಡಬೇಕಾದದ್ದು ಎತ್ತರವನ್ನಲ್ಲ. ಸೊಂಟದ ಎರಡೂ ಬದಿಯ ಮೂಳೆಗಳು ಒಂದೇ ಮಟ್ಟದಲ್ಲಿವೆಯೇ? ಮೊದಲ ದಿನ ಎಲ್ಲರಿಗೂ ಕಾಲಿಲ್ಲದ ಕಡೆ ಕುಸಿಯುತ್ತದೆ. ಇರುವ ಕಾಲು ಅಷ್ಟು ಹೊತ್ತಿಗೆ ಎಲ್ಲ ಕೆಲಸವನ್ನೂ ತಾನೇ ಹೊತ್ತುಕೊಂಡಿರುತ್ತದೆ, ಇನ್ನೊಂದು ಕಡೆಗೆ ಏನೂ ಬಿಡುವುದಿಲ್ಲ. ಸೊಂಟದ ಮೇಲೆ ಒಂದು ಕೋಲು ಅಡ್ಡ ಇಟ್ಟರೆ ಕುಸಿತ ಕಣ್ಣಿಗೇ ಕಾಣುತ್ತದೆ. ಎರಡು ಇಂಚು ಎತ್ತಿ, ಕೋಲು ಮಟ್ಟವಾಗಿರಲಿ. ಅಷ್ಟೇ ಸಾಕು.

ಈ ಬ್ರಿಡ್ಜ್ ಮೇಲೆ ನಾನು ಇಷ್ಟು ಹೊತ್ತು ನಿಲ್ಲಲು ಕಾರಣ ಇದೆ. ತೊಡೆಯ ಮಟ್ಟದ ಕೃತಕ ಕಾಲಿನಲ್ಲಿ ಮೊಣಕಾಲು ಯಂತ್ರದ್ದು. ಹಿಮ್ಮಡಿ ನೆಲಕ್ಕೆ ತಾಗಿದ ಕ್ಷಣದಲ್ಲಿ ಆ ಮೊಣಕಾಲು ಮಡಚಿಕೊಂಡರೆ ಮನುಷ್ಯ ಬೀಳುತ್ತಾನೆ. ಅದು ಮಡಚದಂತೆ ತಡೆಯಲು ಉಳಿದ ತೊಡೆಯನ್ನು ಸಾಕೆಟ್‌ನ, ಅಂದರೆ ತೊಡೆ ಕೂರುವ ಬಟ್ಟಲಿನಂಥ ಭಾಗದ, ಹಿಂಭಾಗಕ್ಕೆ ಒತ್ತಬೇಕು. ಟವೆಲ್ ಸುರುಳಿಯನ್ನು ಒತ್ತಿದ್ದೀರಲ್ಲ, ಅದೇ ಸ್ನಾಯು, ಅದೇ ದಿಕ್ಕು. ಮಲಗಿದ್ದಾಗ ಇದನ್ನು ಕಲಿತವರು ಕೃತಕ ಕಾಲು ಹಾಕಿದ ದಿನ, 'ಓ, ಇದು ಆ ಒತ್ತುವ ಕೆಲಸ' ಅನ್ನುತ್ತಾರೆ. ಆ ಮಾತು ಕೇಳಿದಾಗ ನನಗಾಗುವ ಸಂತೋಷ ಹೇಳತೀರದು.

ಪಕ್ಕಕ್ಕೆ ಮಲಗಿ ಮಾಡುವುದು ಇನ್ನೊಂದು. ಸೊಂಟದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಅನ್ನುವ ಸ್ನಾಯು ನಡೆಯುವಾಗ ಸೊಂಟವನ್ನು ಮಟ್ಟವಾಗಿ ಹಿಡಿಯುತ್ತದೆ. ಅದು ಸೋತರೆ ಪ್ರತಿ ಹೆಜ್ಜೆಗೂ ಮೈ ಕೃತಕ ಕಾಲಿನ ಕಡೆಗೆ ವಾಲುತ್ತದೆ. ದೂರದಿಂದ ನೋಡಿದರೂ ಗೊತ್ತಾಗುವ ನಡಿಗೆ ಅದು. ಇದಕ್ಕೆ ಇರುವ ಕಾಲಿನ ಕಡೆಗೆ ಪಕ್ಕಕ್ಕೆ ಮಲಗಿ, ಬೆನ್ನನ್ನು ಗೋಡೆಗೆ ತಾಗಿಸಿಕೊಳ್ಳಿ. ಉಳಿದ ತೊಡೆಯ ಹಿಂಭಾಗ ಗೋಡೆಗೆ ಸವರಿಕೊಂಡೇ ಮೇಲೆ ಹೋಗಬೇಕು. ಗೋಡೆ ಬಿಟ್ಟು ಮುಂದಕ್ಕೆ ಬಂತು ಅಂದರೆ ಮಡಚುವ ಸ್ನಾಯು ಕೆಲಸ ಕದಿಯಿತು ಅಂತ ಅರ್ಥ. ವಿದ್ಯಾರ್ಥಿಗಳಿಗೆ ಒಂದು ಮಾತು: ಕಾಲು ಗಿಡ್ಡವಾದ್ದರಿಂದ ಎತ್ತುವ ಭಾರ ತುಂಬ ಕಡಿಮೆ. ನೋಡಲು ಚೆನ್ನಾಗಿ ಎತ್ತುತ್ತಿದ್ದಾರೆ ಅನಿಸುತ್ತದೆ, ಸ್ನಾಯುವಿಗೆ ಕೆಲಸವೇ ಸಿಕ್ಕಿರುವುದಿಲ್ಲ. ಗಾಯ ಪೂರ್ತಿ ವಾಸಿಯಾದ ಮೇಲೆ ನಿಮ್ಮ ಕೈಯಿಂದಲೋ ಎಲಾಸ್ಟಿಕ್ ಪಟ್ಟಿಯಿಂದಲೋ ಎದುರು ಬಲ ಕೊಡಲೇಬೇಕು. ಹೊರಕ್ಕೆ ಎತ್ತಿಸಿದಷ್ಟೇ, ತೊಡೆಗಳ ನಡುವೆ ದಿಂಬು ಇಟ್ಟು ಒಳಕ್ಕೆ ಒತ್ತಿಸುವುದನ್ನೂ ಮಾಡಿಸಿ. ಹಗ್ಗಜಗ್ಗಾಟದಲ್ಲಿ ಸೋತ ಗುಂಪು ಅದು.

ಕೂತು ಮಾಡುವವು ಹಲವು ಇವೆ, ಅವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೂರುವ ಎರಡು ಮೂಳೆಗಳ ಮೇಲೂ ಸಮ ಭಾರ ಹಾಕಿ ಕೂರುವುದು, ಒಂದು ಕೈ ಎತ್ತಿ ಪಕ್ಕಕ್ಕೆ ಬಾಗುವುದು, ಬೆನ್ನು ನೀಳ ಇಟ್ಟು ಎದೆಯನ್ನು ತಿರುಗಿಸುವುದು. ತಿರುಗಿಸುವುದು ನಡಿಗೆಗೆ ಬೇಕು, ಕೈ ಬೀಸುವುದು ಅದರಿಂದಲೇ ಬರುತ್ತದೆ.

ರಿಫಾರ್ಮರ್ ಅನ್ನುವ ಸ್ಪ್ರಿಂಗ್ ಇರುವ ಜಾರುವ ಮಂಚದ ಬಗ್ಗೆ ಕೇಳುತ್ತಾರೆ. ಒಳ್ಳೆಯ ಉಪಕರಣ. ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬಹುದು, ಮಲಗಿಕೊಂಡೇ ಕುಕ್ಕರಗಾಲಿನ ಅಭ್ಯಾಸ ಮಾಡಬಹುದು. ಆದರೆ ಅದರ ಪಟ್ಟಿಗಳನ್ನು ಮಾಡಿರುವುದು ಪಾದಕ್ಕೆ. ಗಿಡ್ಡ ತೊಡೆಯಿಂದ ಪಟ್ಟಿ ಜಾರಿದರೆ ಸ್ಪ್ರಿಂಗ್ ಛಟ್ಟನೆ ಎಳೆಯುತ್ತದೆ, ಪೆಟ್ಟಾಗುತ್ತದೆ. ತೊಡೆಗೆ ಸುತ್ತಿ ಬಿಗಿಯುವ ಅಗಲ ಪಟ್ಟಿ ಇಲ್ಲದೆ ಅದನ್ನು ಮುಟ್ಟಬೇಡಿ. ಮ್ಯಾಟ್ ಒಂದೇ ಇದ್ದರೂ ಯಾವ ಕೊರತೆಯೂ ಇಲ್ಲ.

ಇಲ್ಲದ ಕಾಲಿನ ನೋವಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕತ್ತರಿಸಿ ಹೋದ ಪಾದದಲ್ಲಿ ಉರಿ, ಸೆಳೆತ, ಬೆರಳು ತಿರುಚಿದ ಹಾಗೆ ನೋವು. ಅಮೆರಿಕದ ವೈದ್ಯ ಸೈಲಸ್ ವಿಯರ್ ಮಿಚೆಲ್ 1871ರಲ್ಲಿ ಇದಕ್ಕೆ ಫ್ಯಾಂಟಮ್ ಲಿಂಬ್ ಅಂತ ಹೆಸರು ಕೊಟ್ಟರು. 1990ರ ದಶಕದಲ್ಲಿ ಮೆದುಳಿನ ವಿಜ್ಞಾನಿ ವಿ. ಎಸ್. ರಾಮಚಂದ್ರನ್ ಕನ್ನಡಿ ಇಟ್ಟು ಇಲ್ಲದ ಅಂಗವನ್ನು ಮೆದುಳಿಗೆ ತೋರಿಸುವ ವಿಧಾನ ತಂದರು. ದಯವಿಟ್ಟು ಯಾರೂ ಇದನ್ನು ಭ್ರಮೆ ಅನ್ನಬೇಡಿ. ನೋವು ನಿಜ. ಪಿಲಾಟಿಸ್ ಇದಕ್ಕೆ ಔಷಧಿ ಅಂತ ನಾನು ಹೇಳುವುದಿಲ್ಲ. ಆದರೆ ಪಾಠದಲ್ಲಿ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಇರುವ ಪಾದವನ್ನು ಮೇಲೆ ಕೆಳಗೆ ಆಡಿಸುವಾಗ, 'ಎರಡೂ ಪಾದ ಆಡಿಸಿ' ಅನ್ನುತ್ತೇನೆ. ಇಲ್ಲದ ಪಾದವನ್ನೂ ಮನಸ್ಸಿನಲ್ಲೇ, ಉಸಿರಿನ ಜೊತೆ, ನಿಧಾನವಾಗಿ. ಕೆಲವರಿಗೆ ಬಿಗಿಹಿಡಿದ ಬೆರಳು ಬಿಚ್ಚಿದ ಹಾಗಾಗುತ್ತದೆ. ಕೆಲವರಿಗೆ ನೋವು ಏಳುತ್ತದೆ, ಅವರಿಗೆ ಅಲ್ಲಿಗೇ ನಿಲ್ಲಿಸುತ್ತೇನೆ.

ಎಚ್ಚರಿಕೆ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿ ಮಾತಾಡುತ್ತೇನೆ. ಗಾಯ ಒಣಗುವವರೆಗೆ ಹೊಲಿಗೆಯನ್ನು ಎಳೆಯುವ ಯಾವ ಚಲನೆಯೂ ಬೇಡ. ಪ್ರತಿ ಸಲ ಮುಗಿದ ಮೇಲೆ ಸ್ಟಂಪಿನ ಚರ್ಮ ನೋಡಿ. ಕೆಂಪು ಕಲೆ ಹತ್ತು ನಿಮಿಷದಲ್ಲಿ ಹೋಗದಿದ್ದರೆ ಎಲ್ಲೋ ಒತ್ತು ಜಾಸ್ತಿಯಾಗಿದೆ. ಸಕ್ಕರೆ ಕಾಯಿಲೆ ಇದ್ದವರು ವ್ಯಾಯಾಮಕ್ಕೆ ಮೊದಲು ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ ಶುರು ಮಾಡಬೇಡಿ, ಮೊದಲು ಅದನ್ನು ಸರಿ ಮಾಡಿಕೊಳ್ಳಿ. ಇರುವ ಪಾದದಲ್ಲಿ ಸ್ಪರ್ಶ ಕಡಿಮೆ ಇದ್ದರೆ ಬರಿಗಾಲಲ್ಲಿ ಮಾಡಬೇಡಿ. ಪಿಲಾಟಿಸ್ ಸ್ಟುಡಿಯೋಗಳಲ್ಲಿ ಬರಿಗಾಲು ವಾಡಿಕೆ, ನಿಮಗೆ ಅದು ಅನ್ವಯಿಸುವುದಿಲ್ಲ. ಉಳಿದಿರುವ ಒಂದು ಪಾದವನ್ನು ಕಣ್ಣಿನ ಹಾಗೆ ನೋಡಿಕೊಳ್ಳಬೇಕು. ಮೂಳೆ ಸವೆದವರು ಬೆನ್ನು ಗುಂಡಗೆ ಮಾಡಿ ಉರುಳುವ ವ್ಯಾಯಾಮಗಳನ್ನು ಬಿಟ್ಟುಬಿಡಿ. ಬಹಳ ದಿನ ಭಾರ ಹೊರದ ತೊಡೆಮೂಳೆ ತೆಳ್ಳಗಾಗಿರುತ್ತದೆ ಅನ್ನುವುದನ್ನೂ ನೆನಪಿಡಿ.

ಸಂಶೋಧನೆ ಏನು ಹೇಳುತ್ತದೆ? ಬೆನ್ನುನೋವಿಗೆ ಪಿಲಾಟಿಸ್ ಬಗ್ಗೆ 2015ರಲ್ಲಿ ಒಂದು ಕಾಕ್ರೇನ್ ವಿಮರ್ಶೆ, ಅಂದರೆ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿ, ಬಂತು. ಏನೂ ಮಾಡದೆ ಇರುವುದಕ್ಕಿಂತ ಇದು ವಾಸಿ, ಆದರೆ ಬೇರೆ ವ್ಯಾಯಾಮಗಳಿಗಿಂತ ಮೇಲು ಅನ್ನಲು ಗಟ್ಟಿ ಪುರಾವೆ ಇಲ್ಲ ಅನ್ನುವುದು ಅದರ ಸಾರ. ಇದನ್ನು ಮುಚ್ಚಿಡಬಾರದು. ಹಾಗಾಗಿ ಪಿಲಾಟಿಸ್ ಒಂದೇ ದಾರಿ ಅಂತ ನಾನು ಯಾರಿಗೂ ಹೇಳಿಲ್ಲ. ಕೃತಕ ಕಾಲಿನ ತರಬೇತಿ, ಕೈಗಳ ಬಲ, ಹೃದಯಕ್ಕೆ ಬೇಕಾದ ವ್ಯಾಯಾಮ ಇವೆಲ್ಲ ಬೇಕೇ ಬೇಕು. ನಾನು ಇದನ್ನು ಆರಿಸಿಕೊಂಡಿರುವುದು, ನಿಲ್ಲಲಾಗದ ದಿನಗಳಲ್ಲಿ ನಡುವಿಗೆ ಕೆಲಸ ಕೊಡಲು ಇದು ಹೇಳಿ ಮಾಡಿಸಿದ ಹಾಗಿದೆ ಅನ್ನುವುದಕ್ಕೆ.

ಸಭೆಯಿಂದ ಬಂದ ಪ್ರಶ್ನೆಗಳು

ಒಬ್ಬ ಯುವಕರು ಕೇಳಿದರು: 'ಮೇಡಂ, ನನಗೆ ಕೃತಕ ಕಾಲು ಬಂದು ಎರಡು ವರ್ಷ ಆಯ್ತು. ಈಗ ಶುರು ಮಾಡಿದರೆ ಉಪಯೋಗ ಇದೆಯಾ?'

ಖಂಡಿತ ಇದೆ. ನಿಮಗೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಹೇಳುತ್ತೇನೆ. ತೂಕ ನೋಡುವ ಎರಡು ಯಂತ್ರ ಪಕ್ಕಪಕ್ಕ ಇಡಿ. ಪಕ್ಕದಲ್ಲಿ ಹಿಡಿಯಲು ಗಟ್ಟಿ ಆಸರೆ ಇರಲಿ. ಒಂದೊಂದು ಕಾಲನ್ನು ಒಂದೊಂದರ ಮೇಲೆ ಇಟ್ಟು, ನಿಮಗೆ ಸಮ ಅನಿಸುವ ಹಾಗೆ ನಿಂತುಕೊಳ್ಳಿ. ಆಮೇಲೆ ಬೇರೆಯವರಿಂದ ಅಂಕಿ ಓದಿಸಿ. ನಾನು ನೋಡಿದವರಲ್ಲಿ ಬಹಳ ಜನಕ್ಕೆ ಇರುವ ಕಾಲಿನ ಮೇಲೇ ಜಾಸ್ತಿ ತೂಕ ಬಿದ್ದಿತ್ತು, ಅದು ಅವರಿಗೆ ಗೊತ್ತೇ ಇರಲಿಲ್ಲ. ವರ್ಷಗಟ್ಟಲೆ ಹಾಗೆ ಹೊತ್ತರೆ ಇರುವ ಮೊಣಕಾಲು ಬೇಗ ಸವೆಯುತ್ತದೆ. ಕೃತಕ ಕಾಲು ಹಾಕಿಕೊಂಡೇ, ಒಳಬೆಲ್ಟ್ ಎಳೆದು, ಉಸಿರಿನ ಜೊತೆ ತೂಕವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುವುದು ನಿಮ್ಮ ಮೊದಲ ಪಾಠ.

'ಪಿಲಾಟಿಸ್ ಕಲಿಸುತ್ತೇವೆ ಅನ್ನುವ ಎಲ್ಲರ ಹತ್ತಿರವೂ ಹೋಗಬಹುದಾ?' ಅಂತ ಇನ್ನೊಬ್ಬರು ಕೇಳಿದರು. ಹೋಗಬಾರದು. ಪಿಲಾಟಿಸ್ ಅನ್ನುವುದು ಯಾರೊಬ್ಬರ ಸ್ವಂತ ಟ್ರೇಡ್‌ಮಾರ್ಕ್ ಅಲ್ಲ ಅಂತ 2000ದಲ್ಲಿ ಅಮೆರಿಕದ ಕೋರ್ಟ್ ತೀರ್ಪು ಕೊಟ್ಟಿತು. ಹಾಗಾಗಿ ಬೋರ್ಡ್ ಮೇಲೆ ಆ ಹೆಸರು ಇದ್ದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಕಾಲು ಕಳೆದುಕೊಂಡವರ ಜೊತೆ ಕೆಲಸ ಮಾಡಿದ್ದೀರಾ, ನನ್ನ ಫಿಸಿಯೋಥೆರಪಿಸ್ಟ್ ಜೊತೆ ಮಾತಾಡುತ್ತೀರಾ ಅಂತ ನೇರವಾಗಿ ಕೇಳಿ. ಎರಡನೆಯ ಪ್ರಶ್ನೆಗೆ ಹಿಂಜರಿದರೆ ಬೇರೆಯವರನ್ನು ಹುಡುಕಿ.

ಕೊನೆಯ ಸಾಲಿನಿಂದ ಒಬ್ಬ ಅಮ್ಮ ಎದ್ದು ನಿಂತರು. ಮಗನಿಗೆ ಮೊಣಕಾಲಿನ ಕೆಳಗೆ ಕಾಲು ತೆಗೆದು ಐದು ವಾರ ಆಗಿತ್ತು. 'ಅವನು ಸೊಂಟ ಎತ್ತುವಾಗ ನಾನು ಕೆಳಗೆ ಕೈ ಕೊಟ್ಟು ಎತ್ತಲಾ?' ಅಂದರು.

ಎತ್ತಬೇಡಿ ಅಮ್ಮ. ಅವನ ಪಕ್ಕದಲ್ಲಿ ಕೂತುಕೊಳ್ಳಿ. ನಿಮ್ಮ ಎರಡು ಅಂಗೈಗಳನ್ನು ಅವನ ಸೊಂಟದ ಎರಡು ಬದಿಯ ಮೂಳೆಗಳ ಮೇಲೆ ಹಗುರವಾಗಿ ಇಡಿ. ಅವನು ಉಸಿರು ಬಿಡುತ್ತಾ ಎತ್ತುತ್ತಾನೆ. ನಿಮ್ಮ ಎರಡು ಕೈಗಳಲ್ಲಿ ಯಾವುದು ಕೆಳಗಿದೆಯೋ ಆ ಕೈಯಿಂದ ಮೆಲ್ಲಗೆ ತಟ್ಟಿ. ಅವನಿಗೆ ಗೊತ್ತಾಗುತ್ತದೆ. ಬನ್ನಿ, ಇಲ್ಲಿ ಮ್ಯಾಟ್ ಹಾಸಿದೆ. ಮೊದಲು ನನ್ನ ಸೊಂಟದ ಮೇಲೆ ಕೈ ಇಟ್ಟು ನೋಡಿ.